ಮನೆ ಎದುರಿನ ಕ್ಯಾಂಟನೀಸ್ ರೆಸ್ಟೋರೆಂಟ್: ಮೂರು ಸಲ ಹೋಗಿ ಮೂರು ಸಲಾನೂ ಬೆಪ್ಪಾದೆ, ಹೆಂಗೆ ಊಟ ಮಾಡೋದು ಹೇಳ್ಕೊಡಿ

ತೈಪೋ_ಬಾಡಿಗೆದಾರ

ಒಂದು ಸಹಾಯ ಬೇಕಿತ್ತು, ಸ್ವಲ್ಪ ಉದ್ದ ಇದೆ ಬೈಕೋಬೇಡಿ. ಹಾಂಗ್‌ಕಾಂಗ್‌ಗೆ ಬಂದು ನಾಕು ತಿಂಗಳಾಯ್ತು, ಮನೆ ತೈ ಪೋದಲ್ಲಿ. ಲಿಫ್ಟ್ ಇಳಿದು ರಸ್ತೆ ದಾಟಿದ್ರೆ ಒಂದು ಕ್ಯಾಂಟನೀಸ್ ರೆಸ್ಟೋರೆಂಟ್ ಇದೆ. ಟೂರಿಸ್ಟ್‌ಗಳು ಬರೋ ಜಾಗ ಅಲ್ಲ, ಸುತ್ತಮುತ್ತಲ ಬಿಲ್ಡಿಂಗಿನ ಅಜ್ಜ ಅಜ್ಜೀರು ಬೆಳಿಗ್ಗೆ ಬಾಗ್ಲು ತೆಗೆಯೋಕೆ ಮುಂಚೆನೇ ನಿಂತಿರ್ತಾರೆ, ಆಮೇಲೆ ಪೇಪರ್ ಹರಡ್ಕೊಂಡು ಕೂತ್ರೆ ಹತ್ತು ಗಂಟೆವರೆಗೂ ಏಳಲ್ಲ. ಬಾಗ್ಲ ಪಕ್ಕ ಮೀನಿನ ತೊಟ್ಟಿಗಳು, ಒಳಗೆ ಕೆಂಪು ಕಾರ್ಪೆಟ್, ಗದ್ದಲ ಅಂದ್ರೆ ಗದ್ದಲ. ಆಫೀಸಿಂದ ಬರ್ತಾ ಆ ಶುಂಠಿ ಈರುಳ್ಳಿ ಸೊಪ್ಪಿಗೆ ಬಿಸಿ ಎಣ್ಣೆ ಹುಯ್ದ ವಾಸನೆ ಬಂದ್ರೆ ಕಾಲು ಮುಂದಕ್ಕೆ ಹೋಗಲ್ಲ.

ಆದ್ರೆ ಒಳಗೆ ಹೋದಾಗೆಲ್ಲ ಏನೋ ಒಂದು ಎಡವಟ್ಟು. ಮೊದಲನೇ ಸಲ ನಾನು ನನ್ನ ಹೆಂಡತಿ ಹೋದ್ವಿ. ಕೂತ ತಕ್ಷಣ ಒಬ್ರು ಆಂಟಿ ಬಂದು ಏನೋ ಜೋರಾಗಿ ಕೇಳಿದ್ರು, ನಾವು ಹೂಂ ಅಂದ್ವಿ, ಎರಡು ದೊಡ್ಡ ಟೀ ಪಾಟು, ಒಂದು ಖಾಲಿ ದೊಡ್ಡ ಬಟ್ಟಲು ಇಟ್ಟು ಹೋದ್ರು. ಆ ಬಟ್ಟಲಿಗೆ ಸೂಪ್ ಬರುತ್ತೆ ಅಂತ ಇಪ್ಪತ್ತು ನಿಮಿಷ ಕಾದ್ವಿ! ಟಿಕ್ ಹಾಕೋ ಚೀಟೀಲಿ ಸ್ಮಾಲ್, ಮೀಡಿಯಂ, ಲಾರ್ಜ್, ಸ್ಪೆಷಲ್ ಅಂತಿತ್ತು, ಇಬ್ರೇ ತಾನೇ ಅಂತ ಬರೀ ಸ್ಮಾಲ್ ಅಂತ ಇರೋದಕ್ಕೆ ಟಿಕ್ ಹಾಕಿದ್ವಿ, ಬಂದಿದ್ದೆಲ್ಲಾ ಬನ್ನು, ಸ್ಪಂಜ್ ಕೇಕು, ಜೆಲ್ಲಿ. ಎರಡನೇ ಸಲ ಕೋಳಿ ತಗೊಂಡೆ, ತಣ್ಣಗಿತ್ತು, ಮೂಳೆ ಹತ್ರ ಕೆಂಪಗಿತ್ತು, ಬೆಂದಿಲ್ಲ ಅಂತ ವಾಪಸ್ ಕಳಿಸಿದೆ, ಅವರು ನನ್ನ ಮುಖ ನೋಡಿ ಏನೂ ಅನ್ನದೆ ಎತ್ಕೊಂಡು ಹೋದ್ರು, ಪಕ್ಕದ ಟೇಬಲ್ ಅಜ್ಜ ಮಾತ್ರ ನಕ್ಕರು. ಮೂರನೇ ಸಲ ಆಗಿದ್ದು ಹೊಟ್ಟೆಗೆ ಅಲ್ಲ ಜೇಬಿಗೆ ಬಿದ್ದ ಏಟು. ತೊಟ್ಟಿ ಮೇಲೆ 38 ಡಾಲರ್ ಅಂತ ಬರೆದಿತ್ತು, ಭಾರಿ ಚೀಪ್ ಅಂತ ಕೈ ತೋರಿಸಿದೆ. ಬಿಲ್ಲಲ್ಲಿ ಮೀನಿಗೇ 836 ಡಾಲರ್. ಮೋಸ ಮಾಡಿದ್ರು ಅಂತ ಅನ್ಕೊಂಡೆ, ಜಗಳ ಮಾಡೋಕೆ ಭಾಷೆ ಬರಲ್ಲ, ಕೊಟ್ಟು ಬಂದೆ.

ಈಗ ವಿಷಯ ಏನಂದ್ರೆ ಮುಂದಿನ ವಾರ ಅಪ್ಪ ಅಮ್ಮ ಬರ್ತಿದಾರೆ. ಅಪ್ಪ ಎಲ್ಲಾ ತಿಂತಾರೆ, ಅಮ್ಮ ಪಕ್ಕಾ ವೆಜ್, ಮೊಟ್ಟೆ ಮಾತ್ರ ಕೇಕಲ್ಲಿದ್ರೆ ಪರವಾಗಿಲ್ಲ ಅಂತಾರೆ. ಭಾನುವಾರ ಅಲ್ಲಿಗೇ ಕರ್ಕೊಂಡು ಹೋಗ್ಬೇಕು ಅಂತ ಆಸೆ. ಗೊತ್ತಿರೋರು ಯಾರಾದ್ರೂ ಹೇಳಿ, ಆ ಜಾಗದಲ್ಲಿ ಮನುಷ್ಯರ ಥರ ಕೂತು ಊಟ ಮಾಡೋದು ಹೆಂಗೆ?

ಹಳೇ_ಕೆಟಲ್

ಬಟ್ಟಲಿಗೆ ಸೂಪ್ ಬರುತ್ತೆ ಅಂತ ಕಾದಿದ್ದು ಓದಿ ಆಫೀಸಲ್ಲಿ ಜೋರಾಗಿ ನಕ್ಬಿಟ್ಟೆ ಗುರು, ಸಾರಿ. ನಾನು ಬಂದ ಹೊಸದ್ರಲ್ಲಿ ಆ ಬಟ್ಟಲಲ್ಲಿ ಕೈ ತೊಳ್ದಿದ್ದೆ, ಹಂಗಾಗಿ ನೀವೇ ವಾಸಿ. ಹದಿಮೂರು ವರ್ಷ ಆಯ್ತು ಇಲ್ಲಿಗೆ ಬಂದು, ಗೊತ್ತಿರೋದು ಹೇಳ್ತೀನಿ.

ಆ ಬಟ್ಟಲು ಪಾತ್ರೆ ತೊಳ್ಯೋಕೆ. ಕೂತ ಮೇಲೆ ಮೊದಲ ಬಿಸಿ ಟೀನ ನಿಮ್ಮ ಬೌಲಿಗೆ ಹಾಕಿ, ಅದ್ರಲ್ಲಿ ಕಪ್ಪು, ಸ್ಪೂನು, ಚಾಪ್‌ಸ್ಟಿಕ್ ತುದಿ ಎಲ್ಲಾ ಒಂದ್ಸಲ ಉರುಳಿಸಿ ಆ ನೀರನ್ನ ದೊಡ್ಡ ಬಟ್ಟಲಿಗೆ ಚೆಲ್ಲೋದು. ಇದ್ರಿಂದ ಕೀಟಾಣು ಸಾಯುತ್ತಾ ಅಂತ ಕೇಳ್ಬೇಡಿ, ಅಷ್ಟು ಬಿಸಿ ಇರಲ್ಲ, ಅಷ್ಟು ಹೊತ್ತು ಇಡೋದೂ ಇಲ್ಲ. ಅದೊಂದು ಅಭ್ಯಾಸ, ಕೈ ಸುಮ್ನೆ ಕೂರಲ್ಲ ಅಷ್ಟೆ. ಮನೇಲಿ ಚಿಕ್ಕೋರು ದೊಡ್ಡೋರ ಪಾತ್ರೆನೂ ತೊಳ್ದು ಇಡ್ತಾರೆ, ನೀವು ಅಪ್ಪ ಅಮ್ಮಂದು ತೊಳ್ದಿಟ್ರೆ ಪಕ್ಕದ ಟೇಬಲ್ಲಿನೋರು ಖಂಡಿತ ಗಮನಿಸ್ತಾರೆ.

ಆಂಟಿ ಜೋರಾಗಿ ಕೇಳಿದ್ದು ಯಾವ ಟೀ ಅಂತ. ಅದನ್ನ ಬಿಟ್ಟು ಬೇರೇನೂ ಅಲ್ಲ. ಇಲ್ಲಿ ಬೆಳಗಿನ ಊಟಕ್ಕೆ ಹೋಗೋದನ್ನ ಯಮ್ ಚಾ ಅಂತಾರಲ್ಲ, ಅದರ ಅರ್ಥನೇ ಟೀ ಕುಡಿಯೋದು, ತಿಂಡಿ ಆಮೇಲಿನ ಮಾತು. ಹಳಬರು ಯಾಟ್ ಜೂಂಗ್ ಲ್ಯೂಂಗ್ ಗಿನ್ ಅಂತಾರೆ, ಅಂದ್ರೆ ಮುಚ್ಚಳದ ಕಪ್ಪಲ್ಲಿ ಒಂದು ಟೀ, ಜೊತೆಗೆ ಎರಡೇ ಎರಡು ತಿಂಡಿ. ನಿಮ್ಮ ಪೇಪರ್ ಅಜ್ಜಂದಿರನ್ನ ನೋಡಿ, ಇವತ್ತಿಗೂ ಅಷ್ಟೇ ತಗೊಂಡು ಮೂರು ಗಂಟೆ ಕೂರ್ತಾರೆ. ಬೋ ಲೇ ಅಂದ್ರೆ ಕಪ್ಪಗಿರೋ ಹಳೇ ಟೀ, ಎಣ್ಣೆ ಪದಾರ್ಥದ ಜೊತೆ ಚೆನ್ನಾಗಿರುತ್ತೆ, ಮೊದಲ ಸಲ ಕುಡಿಯೋರಿಗೆ ಒದ್ದೆ ಮಣ್ಣಿನ ವಾಸನೆ ಅನ್ಸುತ್ತೆ. ಹ್ಯೂಂಗ್ ಪಿನ್ ಮಲ್ಲಿಗೆ ಟೀ. ಸಾವ್ ಮೇ ಟೀ ರುಚಿ ತುಂಬಾ ಹಗುರ. ಅಮ್ಮಂಗೆ ಗುಕ್ ಬೋ ಹೇಳಿ, ಬೋ ಲೇಗೆ ಸೇವಂತಿಗೆ ಹೂವು ಸೇರಿಸಿರ್ತಾರೆ. ಏನೂ ಹೇಳದೆ ಹೂಂ ಅಂದ್ರೆ ಅವರಿಗೆ ತೋಚಿದ್ದು ಬರುತ್ತೆ. ಎರಡು ಪಾಟಲ್ಲಿ ಒಂದು ಟೀ, ಇನ್ನೊಂದು ಬರೀ ಬಿಸಿನೀರು, ಟೀ ಗಟ್ಟಿಯಾದಾಗ ಸೇರಿಸ್ಕೊಳ್ಳೋಕೆ. ಟೀಗೆ ತಲೆಗಿಷ್ಟು ಅಂತ ಚಾರ್ಜ್ ಇರುತ್ತೆ, ಕುಡಿದ್ರೂ ಕುಡೀದಿದ್ರೂ. ಟೇಬಲ್ ಮೇಲೆ ಕಡ್ಲೆಕಾಯಿ ಬೀಜನೋ ಉಪ್ಪಿನಕಾಯಿ ಥರದ್ದೋ ಚಿಕ್ಕ ತಟ್ಟೆ ಇಟ್ರೆ ಅದೂ ಬಿಲ್ಲಿಗೆ ಬರುತ್ತೆ, ಬೇಡ ಅಂದ್ರೆ ಎತ್ಕೊಂಡು ಹೋಗ್ತಾರೆ, ಯಾರೂ ಬೇಜಾರು ಮಾಡ್ಕೊಳಲ್ಲ. ಕೊನೇಲಿ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್.

ನೀರು ಬೇಕಾದ್ರೆ ಕೂಗಬೇಡಿ. ಪಾಟಿನ ಮುಚ್ಚಳ ಅರ್ಧ ತೆಗೆದು ಓರೆಯಾಗಿ ಇಟ್ಬಿಡಿ, ಆ ಕಡೆಯಿಂದ ಹೋಗೋರು ನೋಡಿ ತುಂಬಿಸ್ತಾರೆ. ಇದಕ್ಕೊಂದು ಕಥೆ ಬೇರೆ ಹೇಳ್ತಾರೆ. ಹಿಂದೆ ಯಾರೋ ಒಬ್ಬ ಟೀ ಪಾತ್ರೆ ಒಳಗೆ ಹಕ್ಕಿ ಇಟ್ಕೊಂಡಿದ್ನಂತೆ, ಮಾಣಿ ನೀರು ಹಾಕೋಕೆ ಮುಚ್ಚಳ ತೆಗೆದ, ಹಕ್ಕಿ ಹಾರಿಹೋಯ್ತು, ದುಡ್ಡು ಕೊಡು ಅಂತ ಗಲಾಟೆ, ಅವತ್ತಿಂದ ಗಿರಾಕಿ ತಾನಾಗಿ ಮುಚ್ಚಳ ತೆಗೀದೆ ಯಾರೂ ಮುಟ್ಟಲ್ಲ. ನಿಜಾನೋ ಸುಳ್ಳೋ, ಮುಚ್ಚಳ ತೆಗೆದಿಟ್ರೆ ಕೆಲಸ ಅಂತೂ ಆಗುತ್ತೆ. ಹಂಗೇ ಬೇರೆಯೋರು ನಿಮ್ಮ ಕಪ್ಪಿಗೆ ಟೀ ಹಾಕಿದಾಗ ಎರಡು ಬೆರಳಿಂದ ಟೇಬಲ್ ತಟ್ಟಬೇಕು. ಚಿಯೆನ್‌ಲುಂಗ್ ಚಕ್ರವರ್ತಿ ವೇಷ ಮರೆಸ್ಕೊಂಡು ಓಡಾಡ್ತಿದ್ದಾಗ ತನ್ನ ಆಳಿಗೇ ಟೀ ಹಾಕ್ದ, ಅವನು ಎಲ್ಲರೆದುರು ಅಡ್ಡಬೀಳೋಕಾಗದೆ ಬೆರಳು ಮಡಚಿ ಮಂಡಿ ಊರಿದಂಗೆ ತಟ್ಟಿದ ಅಂತ ಕಥೆ. ಬಾಯಲ್ಲಿ ಊಟ ಇದ್ದಾಗ ಥ್ಯಾಂಕ್ಸ್ ಹೇಳೋಕೆ ಇದಕ್ಕಿಂತ ಒಳ್ಳೇ ಉಪಾಯ ನಾನಂತೂ ನೋಡಿಲ್ಲ, ಈಗ ಆಫೀಸಲ್ಲಿ ಕಾಫಿ ಕೊಟ್ರೂ ತಟ್ತೀನಿ.

ಇನ್ನು ಸ್ಮಾಲ್ ಮೀಡಿಯಂ. ಅದು ಸೈಜ್ ಅಲ್ಲ ಸ್ವಾಮಿ, ರೇಟು! ಯಾವ ತಿಂಡಿ ಯಾವ ರೇಟಿನ ಗುಂಪಿಗೆ ಸೇರುತ್ತೆ ಅಂತ. ಸ್ಮಾಲ್ ಅಂದ್ರೆ ಅಗ್ಗದ್ದು, ಅದಕ್ಕೇ ಬನ್ನು ಕೇಕು ಬಂದಿದ್ದು, ಸೀಗಡಿ ಇರೋದೆಲ್ಲ ಮೇಲಿನ ಗುಂಪಲ್ಲಿರುತ್ತೆ. ಬೆಳಿಗ್ಗೆ ಬೇಗ ಅಥವಾ ಮಧ್ಯಾಹ್ನ ಎರಡರ ಮೇಲೆ ಹೋದ್ರೆ ಇದೇ ತಿಂಡಿಗೆ ಬಹಳ ಕಡೆ ರೇಟ್ ಕಡಿಮೆ. ಭಾನುವಾರ ಹನ್ನೊಂದು ಹನ್ನೆರಡಕ್ಕೆ ಮಾತ್ರ ಹೋಗ್ಬೇಡಿ, ಇಡೀ ವಂಶವೃಕ್ಷ ಬಂದು ಕೂತಿರುತ್ತೆ, ನಂಬರ್ ಚೀಟಿ ಹಿಡ್ಕೊಂಡು ಮೀನಿನ ತೊಟ್ಟಿ ಮುಂದೆ ನಿಲ್ಬೇಕು.

ಮೀನಿಂದು ಮೋಸ ಅಲ್ಲ. ಅವರು ಬರ್ದಿರೋದು ಒಂದು ಲ್ಯೂಂಗ್‌ಗೆ. ಇಲ್ಲಿ ಒಂದು ಗಾನ್ ಅಂದ್ರೆ ಸುಮಾರು 605 ಗ್ರಾಂ, ಅದನ್ನ ಹದಿನಾರು ಭಾಗ ಮಾಡಿದ್ರೆ ಒಂದು ಲ್ಯೂಂಗ್, ಹತ್ತಿರ ಹತ್ತಿರ 38 ಗ್ರಾಂ. 836 ನ 38 ರಿಂದ ಭಾಗಿಸಿ, ಸರಿಯಾಗಿ 22 ಬರುತ್ತೆ. ನಿಮ್ಮ ಮೀನು 22 ಲ್ಯೂಂಗ್, ಅಂದ್ರೆ ಮುಕ್ಕಾಲು ಕೇಜಿ ಮೇಲಿತ್ತು. ಬಾರ್ಡರ್ ದಾಟಿ ಶೆನ್ಜೆನ್‌ಗೆ ಹೋದ್ರೆ ಲೆಕ್ಕ ಮತ್ತೆ ಬೇರೆ, ಅಲ್ಲಿ ಜಿನ್ ಅಂದ್ರೆ 500 ಗ್ರಾಂ, ಹತ್ತೇ ಭಾಗ. ಮುಂದಿನ ಸಲ ಮೊದಲು ತೂಕ ಮಾಡ್ಸಿ, ಒಟ್ಟು ಎಷ್ಟು ಅಂತ ಕ್ಯಾಲ್ಕುಲೇಟರಲ್ಲಿ ಒತ್ತಿ ತೋರ್ಸಿ ಅನ್ನಿ. ಮೀನನ್ನ ಜೀವಂತ ತಂದು ತೋರ್ಸಿದಾಗ ತಲೆ ಅಲ್ಲಾಡಿಸಿದ್ರೆ ಒಪ್ಪಿದೀರ ಅಂತ ಅರ್ಥ. ಮೆನುವಿನಲ್ಲಿ ರೇಟ್ ಜಾಗದಲ್ಲಿ ಇವತ್ತಿನ ದರ ಅಂತ ಇದ್ರೂ ಅಷ್ಟೇ, ಕೇಳದೆ ಆರ್ಡರ್ ಬೇಡ.

ನೇರನುಡಿ

ಇಷ್ಟೆಲ್ಲ ಸರ್ಕಸ್ ಯಾಕ್ರೀ? ಊಟ ಮಾಡೋಕೆ ಹೋಗೋದಾ ಪರೀಕ್ಷೆ ಬರೆಯೋಕಾ? ನನ್ ಅನುಭವ ಹೇಳ್ತೀನಿ, ಈ ಏರಿಯಾ ರೆಸ್ಟೋರೆಂಟ್‌ಗಳಲ್ಲಿ ನಗು ಅನ್ನೋದೇ ಇಲ್ಲ, ತಟ್ಟೆ ಧಪ್ ಅಂತ ಕುಕ್ತಾರೆ, ಗುರ್ತಿಲ್ಲದೋರ ಟೇಬಲ್ಲಿಗೆ ನಮ್ಮನ್ನ ತುರುಕ್ತಾರೆ, ತಿಂದು ಮುಗಿಸೋಕೆ ಮುಂಚೆ ಬಟ್ಟಲು ಎತ್ತೋಕೆ ಬರ್ತಾರೆ. ಅಪ್ಪ ಅಮ್ಮ ಬರೋದೇ ಅಪರೂಪ, ಯಾವ್ದಾದ್ರೂ ಸ್ಟಾರ್ ಹೋಟೆಲ್ಲಿನ ಚೈನೀಸ್ ರೆಸ್ಟೋರೆಂಟ್‌ಗೆ ಕರ್ಕೊಂಡು ಹೋಗಿ, ಇಂಗ್ಲಿಷ್ ಮೆನು, ಮರ್ಯಾದೆ, ಎಲ್ಲಾ ಸಿಗುತ್ತೆ. ದುಡ್ಡು ಜಾಸ್ತಿ, ಆದ್ರೆ 836 ಕೊಟ್ಟು ಬೆಪ್ಪಾಗೋದಕ್ಕಿಂತ ವಾಸಿ.

ಒಲೆಮುಂದೆ

ನೇರನುಡಿ ಸರ್, ಹೋಟೆಲ್ ಅಡುಗೆಮನೇಲೇ ಆರು ವರ್ಷದಿಂದ ಕೆಲಸ ಮಾಡ್ತಿದೀನಿ, ಕೌಲೂನ್ ಕಡೆ. ನಮ್ಮ ಕ್ಯಾಂಟನೀಸ್ ಸೆಕ್ಷನ್ ಬಾಣಸಿಗರು ರಜಾ ದಿನ ಎಲ್ಲಿ ತಿಂತಾರೆ ಗೊತ್ತಾ, ಅವರವರ ಮನೆ ಕೆಳಗಿನ ಇಂಥಾ ಜಾಗದಲ್ಲೇ. ದೊಡ್ಡ ಹೋಟೆಲ್ ಊಟ ಕೆಟ್ಟದ್ದು ಅಂತ ಹೇಳ್ತಿಲ್ಲ. ಫೋರ್ ಸೀಸನ್ಸ್‌ನ ಲುಂಗ್ ಕಿಂಗ್ ಹೀನ್‌ಗೆ ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಡೋ ಮಿಶೆಲಿನ್ 2009ರ ಗೈಡಲ್ಲಿ ಮೂರು ಸ್ಟಾರ್ ಬಂತು, ಅದೇ ಗರಿಷ್ಠ, ಚೈನೀಸ್ ರೆಸ್ಟೋರೆಂಟ್ ಒಂದಕ್ಕೆ ಮೂರು ಸ್ಟಾರ್ ಸಿಕ್ಕಿದ್ದು ಅದೇ ಮೊದಲು. ಆದ್ರೆ ಅಲ್ಲಿ ಡಿಮ್ ಸಮ್, ಅಂದ್ರೆ ಟೀ ಜೊತೆ ತಿನ್ನೋ ಈ ಚಿಕ್ಕ ತಿಂಡಿಗಳನ್ನ ಮಾಡ್ತಿದ್ದ ಶೆಫ್ಫೇ ಕೆಲಸ ಬಿಟ್ಟು ಅದೇ 2009ರಲ್ಲಿ ಮೊಂಗ್ ಕಾಕ್‌ನಲ್ಲಿ ಟಿಮ್ ಹೋ ವಾನ್ ಅಂತ ಒಂದು ಪುಟ್ಟ ಅಂಗಡಿ ತೆಗೆದ್ರು, ಅದಕ್ಕೂ ಒಂದು ಸ್ಟಾರ್ ಬಂತು. ಕೈಗುಣ ಕಾರ್ಪೆಟ್ಟಲ್ಲಿ ಇರಲ್ಲ ಅಂತ ಹೇಳಿದ್ದು ಅಷ್ಟೆ.

ತಟ್ಟೆ ಕುಕ್ಕೋದು ನಿಜ, ಒಪ್ತೀನಿ. ಅದು ಕೋಪ ಅಲ್ಲ, ಅವಸರ. ಹಬೇಲಿ ಬೇಯಿಸಿದ ಬುಟ್ಟಿ ಮುಚ್ಚಳ ತೆಗೆದ ಗಳಿಗೆಯಿಂದ ತಿಂಡಿ ಕೆಡೋಕೆ ಶುರು. ಹಾರ್ ಗಾವ್ ತಗೊಳ್ಳಿ, ಅದೇ ಸೀಗಡಿ ಕಡುಬು, ಹೊದಿಕೆ ಗಾಜಿನ ಥರ ಒಳಗಿನ ಗುಲಾಬಿ ಬಣ್ಣ ಕಾಣ್ಸುತ್ತಲ್ಲ. ಅದಕ್ಕೆ ಹಾಕೋದು ಮಾಮೂಲಿ ಹಿಟ್ಟಲ್ಲ, ಗೋಧಿಯಿಂದ ಅಂಟು ತೆಗೆದು ಉಳಿದ ಪಿಷ್ಟ, ಸ್ವಲ್ಪ ಮರಗೆಣಸಿನ ಪಿಷ್ಟ, ಕುದಿಯೋ ನೀರು ಹುಯ್ದು ಕಲಸೋದು. ಅಂಟು ಇಲ್ಲದ್ರಿಂದ ಲಟ್ಟಣಿಗೇಲಿ ಎಳೆಯೋಕೆ ಬರಲ್ಲ. ಎಣ್ಣೆ ಸವರಿದ ಅಗಲ ಕತ್ತಿ ತಗೊಂಡು ಉಂಡೆ ಮೇಲೆ ಒತ್ತಿ ಒಂದು ಸುತ್ತು ತಿರುಗಿಸ್ತಾರೆ, ಪೇಪರ್ ಥರ ಬಿಲ್ಲೆ ಎದ್ದು ಬರುತ್ತೆ. ಆಮೇಲೆ ನೆರಿಗೆ. ಏಳಕ್ಕಿಂತ ಕಮ್ಮಿ ಇರ್ಬಾರ್ದು ಅಂತ ಹಳೇ ಮೇಸ್ತ್ರಿಗಳು ಹೇಳೋದು, ಕೈ ಕುದುರಿದೋರು ಹತ್ತು ಹನ್ನೆರಡು ಹಾಕ್ತಾರೆ. ನಾನು ಒಂದ್ಸಲ ಪ್ರಯತ್ನ ಮಾಡಿದೆ, ನಾಕನೇ ನೆರಿಗೆಗೆ ಹರಿದೋಯ್ತು, ಮೇಸ್ತ್ರಿ ಅದನ್ನ ನನಗೇ ತಿನ್ನಿಸಿದ್ರು. ಇಷ್ಟು ಕಷ್ಟಪಟ್ಟು ಮಾಡಿದ್ದು ತಣ್ಣಗಾದ್ರೆ ಹೊದಿಕೆ ರಬ್ಬರ್ ಆಗುತ್ತೆ, ಬುಟ್ಟಿಗೆ ಅಂಟ್ಕೊಂಡು ಹರಿಯುತ್ತೆ. ಫೋಟೋ ತೆಗೀತಾ ಕೂರೋರನ್ನ ಕಂಡ್ರೆ ಡಿಮ್ ಸಮ್ ಮಾಡೋರಿಗೆ ಮೈ ಉರಿಯೋದು ಅದಕ್ಕೇ.

ನೀವು ವಾಪಸ್ ಕಳಿಸಿದ ಕೋಳಿ ಬಗ್ಗೆ ಓದಿ ಹೊಟ್ಟೆ ಉರೀತು, ನಿಜವಾಗ್ಲೂ. ಅದು ಬಾಕ್ ಚಿಟ್ ಗಾಯ್. ಇಡೀ ಕೋಳೀನ ಕತ್ತು ಹಿಡ್ಕೊಂಡು ಬಿಸಿ ನೀರಲ್ಲಿ ಮುಳುಗಿಸಿ ಎತ್ತಿ, ಮುಳುಗಿಸಿ ಎತ್ತಿ, ಒಳಗಿನ ತಣ್ಣೀರು ಸುರಿದುಹೋಗೋ ಹಂಗೆ ಮಾಡಿ, ಆಮೇಲೆ ಕುದಿಯದ ನೀರಲ್ಲಿ, ಗಮನಿಸಿ ಕುದಿಯದ ನೀರಲ್ಲಿ, ನಿಧಾನಕ್ಕೆ ಬೇಯಿಸ್ತಾರೆ. ಬೆಂದ ತಕ್ಷಣ ಐಸ್ ನೀರಿಗೆ. ಆಗ ಚರ್ಮ ಬಿಗಿಯಾಗಿ ಚರ್ಮ ಮಾಂಸದ ನಡುವೆ ಜೆಲ್ಲಿ ಥರ ಪದರ ಕಟ್ಟುತ್ತೆ, ತಿನ್ನೋರು ಹುಡುಕೋದೇ ಆ ಪದರನ. ಕೆಂಪಗೆ ಕಂಡಿದ್ದು ಮೂಳೆ ಒಳಗಿನ ಮಜ್ಜೆ, ಮಾಂಸ ಹಸಿ ಅಲ್ಲ. ಮಾಂಸಾನೇ ಕೆಂಪಗಿದ್ದು ರಸ ಹಸಿಯಾಗಿದ್ರೆ ವಾಪಸ್ ಕಳಿಸೋದು ನಿಮ್ಮ ಹಕ್ಕು, ಆದ್ರೆ ಬರೀ ಮೂಳೆ ಕೆಂಪಗಿದ್ರೆ ಟೈಮಿಂಗ್ ಕರೆಕ್ಟಾಗಿದೆ ಅಂತಾನೇ ಅಡುಗೆಯೋರು ಬೀಗ್ತಾರೆ. ತಣ್ಣಗಿರೋದೂ ಸರೀನೇ. ಪಕ್ಕದಲ್ಲಿ ಶುಂಠಿ, ಎಳೆ ಈರುಳ್ಳಿ ಸೊಪ್ಪು, ಎಣ್ಣೆ, ಉಪ್ಪು ಕಲಸಿದ್ದು ಒಂದು ಬಟ್ಟಲು ಇರುತ್ತೆ, ಅದ್ರಲ್ಲಿ ಅದ್ದಿ ತಿನ್ನಿ. ಅಪ್ಪಂಗೆ ಅರ್ಧ ಕೋಳಿ ಹೇಳಿ. ಅಜ್ಜ ನಕ್ಕಿದ್ದು ಯಾಕೆ ಅಂತ ಗೊತ್ತಾಗುತ್ತೆ.

ರಾತ್ರಿ ಊಟಕ್ಕೆ ಹೋದ್ರೆ ಇನ್ನೊಂದು ನೋಡಿ, ಗೋನ್ ಚಾವ್ ಎನ್ಗಾವ್ ಹೋ, ಅಗಲ ಅಕ್ಕಿ ನೂಡಲ್ಸ್ ದನದ ಮಾಂಸ ಹಾಕಿ ಒಣಗೆ ಹುರಿದಿದ್ದು. ಅಡುಗೆಯೋನ ಯೋಗ್ಯತೆ ಅಲ್ಲಿ ಗೊತ್ತಾಗುತ್ತೆ. ಬೆಂಕಿ ಜೋರಿಲ್ಲದಿದ್ರೆ ನೂಡಲ್ಸ್ ಮುದ್ದೆ, ಕೈ ಜೋರಾದ್ರೆ ತುಂಡು ತುಂಡು, ಎಣ್ಣೆ ಜಾಸ್ತಿಯಾದ್ರೆ ತಟ್ಟೆ ತಳದಲ್ಲಿ ನಿಲ್ಲುತ್ತೆ. ಸರಿಯಾಗಿ ಮಾಡಿದ್ರೆ ನೂಡಲ್ಸ್ ಒಂದೊಂದೂ ಬಿಡಿಬಿಡಿ, ತಟ್ಟೆ ತಳ ಒಣಗಿರುತ್ತೆ, ಬಾಣಲೆಯ ಸುಟ್ಟ ಘಮ ಮೂಗಿಗೆ ಬಡಿಯುತ್ತೆ, ವೋಕ್ ಹೇ ಅಂತಾರಲ್ಲ ಅದು, ಬಾಣಲೆಯ ಉಸಿರು. ಆ ಉಸಿರಿಗೆ ಆಯಸ್ಸು ಐದು ನಿಮಿಷ. ಡಬ್ಬೀಲಿ ಪಾರ್ಸಲ್ ತಗೊಂಡು ಮನೇಲಿ ತಿಂದು ಚೆನ್ನಾಗಿಲ್ಲ ಅನ್ಬೇಡಿ.

ಹಸಿರೆಲೆ

ಎಲ್ರೂ ಕೋಳಿ ಮೀನು ಅಂತ ಹೇಳ್ತಿದೀರಿ, ಅಮ್ಮನ ಕಥೆ ಏನು? ನಾನು ಹುಟ್ಟಾ ಸಸ್ಯಾಹಾರಿ, ಎಂಟು ವರ್ಷ ಇಲ್ಲೇ ಸಂಸಾರ ಮಾಡಿದೀನಿ, ಕೇಳಿ.

ಮೊದಲನೇದಾಗಿ ಮಾಂಸ ಬೇಡ ಅಂತ ಹೇಳಿದ್ರೆ ಆಗಲ್ಲ. ಇಲ್ಲಿ ಯುಕ್ ಅಂತ ಬರೀ ಅಂದ್ರೆ ಹಂದಿ ಮಾಂಸ ಅಂತ ತಿಳ್ಕೊಳ್ತಾರೆ, ಅದು ಬೇಡ ಅಂದ್ರೆ ಪಾಪ ಒಳ್ಳೇ ಮನಸ್ಸಿಂದ ಸೀಗಡಿ ಹಾಕ್ಕೊಡ್ತಾರೆ. ಎನ್ಗೋ ಸಿಕ್ ಜಾಯ್ ಅನ್ನಿ, ನಾನು ಜಾಯ್ ತಿನ್ನೋದು ಅಂತ. ಜಾಯ್ ಅಂದ್ರೆ ಬೌದ್ಧರ ಸಸ್ಯಾಹಾರ, ಚಾಂದ್ರಮಾನ ತಿಂಗಳ ಒಂದನೇ ದಿನ, ಹದಿನೈದನೇ ದಿನ ಇಲ್ಲಿಯ ಎಷ್ಟೋ ಜನ ಹಂಗೇ ತಿಂತಾರೆ, ಆದ್ದರಿಂದ ಅಡುಗೆಮನೆಗೆ ಅದು ಹೊಸ ವಿಷಯ ಅಲ್ಲ. ಆ ಒಂದು ಪದಕ್ಕೆ ಬೆಳ್ಳುಳ್ಳಿ ಈರುಳ್ಳಿನೂ ಬಿಟ್ಟುಬಿಡ್ತಾರೆ, ಅಮ್ಮಂಗೆ ಬೆಳ್ಳುಳ್ಳಿ ಆಗುತ್ತೆ ಅಂದ್ರೆ ಅದನ್ನ ಬೇರೆ ಹೇಳಿ.

ನಾನು ಮೋಸ ಹೋಗಿದ್ದು ಲೋ ಬಾಕ್ ಗೋ ಹತ್ರ. ಮೂಲಂಗಿ ಕೇಕ್ ಅಂತ ಇಂಗ್ಲಿಷಲ್ಲಿ ಬರೆದಿತ್ತು, ಮೂಲಂಗೀಲಿ ಏನಿರುತ್ತೆ ಅಂತ ಎರಡು ತುಂಡು ತಿಂದೆ, ಚೆನ್ನಾಗೇ ಇತ್ತು, ಮೂರನೇದ್ರಲ್ಲಿ ಒಂದು ಸಣ್ಣ ಕಣ್ಣು ನನ್ನ ನೋಡ್ತಿತ್ತು. ಒಣ ಸೀಗಡಿ! ಜೊತೆಗೆ ಒಣ ಹಂದಿ ಸಾಸೇಜೂ ಹಾಕ್ತಾರಂತೆ, ಆಮೇಲೆ ಗೊತ್ತಾಯ್ತು. ಅವತ್ತಿಂದ ಹೆಸರು ನೋಡಿ ಏನನ್ನೂ ನಂಬಲ್ಲ. ಸೊಪ್ಪಿಗೆ ಮೇಲಿಂದ ಕಂದು ಬಣ್ಣದ್ದು ಸುರಿದಿದ್ರೆ ಅದು ಆಯ್ಸ್ಟರ್ ಸಾಸ್, ಚಿಪ್ಪಿನದು. 1888ರಲ್ಲಿ ಗ್ವಾಂಗ್‌ಡಾಂಗ್‌ನ ಲೀ ಕುಮ್ ಶೆಯುಂಗ್ ಅನ್ನೋರು ಆಯ್ಸ್ಟರ್ ಬೇಯಿಸ್ತಾ ಒಲೆ ಮೇಲಿಟ್ಟಿದ್ದು ಮರೆತು ಅದು ಗಟ್ಟಿಯಾಗಿ ಸಾಸ್ ಆಯ್ತು ಅಂತ ಕಂಪನಿಯೋರು ಹೇಳೋದು, ಅದೇ ಲೀ ಕುಮ್ ಕೀ ಬಾಟಲಿ. ಆ ಮನುಷ್ಯನ ಮರೆವಿಂದ ನನಗೆ ಎಂಟು ವರ್ಷ ಕಾಟ. ಎಮ್ ಯಿಯು ಹೋ ಯಾವ್ ಅಂತ ಹೇಳಿ, ಆಯ್ಸ್ಟರ್ ಸಾಸ್ ಬೇಡ ಅಂತ. ಸೂಪಲ್ಲಿ ಬೇಯಿಸಿದ ಸೊಪ್ಪು ಬೇಡವೇ ಬೇಡ, ಆ ಸೂಪು ಕೋಳಿ, ಹಂದೀದು. ಎಕ್ಸ್ ಒ ಸಾಸ್ ಅಂದ್ರೂ ಒಣ ಸಮುದ್ರದ ಚಿಪ್ಪು ಇರುತ್ತೆ.

ಏನು ತಿನ್ನಬಹುದು ಅಂದ್ರೆ, ಬರೀ ಚ್ಯೂಂಗ್ ಫನ್, ಅಂದ್ರೆ ಒಳಗೆ ಏನೂ ಇಲ್ಲದ ಅಕ್ಕಿ ಸುರುಳಿ, ಮೇಲೆ ಸೋಯಾ, ಎಳ್ಳು. ರೇಷ್ಮೆ ಥರ ಜಾರುತ್ತೆ, ನನ್ನ ಪ್ರಕಾರ ಸೀಗಡಿ ಹಾಕಿದ್ದಕ್ಕಿಂತ ಇದೇ ಚೆನ್ನ, ಸೀಗಡಿ ತಿಂದು ನೋಡಿಲ್ಲ ಅದು ಬೇರೆ ಮಾತು. ನೀರು ಸೊಪ್ಪು ಅಂತ ಹೇಳೋ ಟುಂಗ್ ಚೋಯ್‌ನ ಹುಳಿ ಬಂದ ತೋಫು ಹಾಕಿ ಹುರೀತಾರೆ, ಹೆಸರು ಕೇಳಿ ಹೆದರಬೇಡಿ, ಉಪ್ಪುಪ್ಪಾಗಿ ಅನ್ನಕ್ಕೆ ಎತ್ತಿದ ಕೈ. ಲೋ ಹೋನ್ ಜಾಯ್ ಅಂತ ಅಣಬೆ, ತೋಫು ಹಾಳೆ, ತರಕಾರಿ ಎಲ್ಲಾ ಸೇರಿಸಿದ್ದು ಸಿಗುತ್ತೆ. ಸಿಹಿಗೆ ಮಾ ಲಾಯ್ ಗೋ ಸ್ಪಂಜ್ ಕೇಕು, ಮೊಟ್ಟೆ ಇರುತ್ತೆ. ಎಗ್ ಟಾರ್ಟ್ ಹೊದಿಕೇಲಿ ಹಂದಿ ಕೊಬ್ಬು ಹಾಕೋ ಕಡೆ ಇದೆ, ಕೇಳಿ ತಗೊಳ್ಳಿ. ಮ್ಯಾಂಗೋ ಪುಡಿಂಗ್‌ಗೆ ಜೆಲಟಿನ್ ಹಾಕಿರ್ತಾರೆ, ಅದು ಪ್ರಾಣಿಯಿಂದ ಮಾಡೋದು. ತೋಫು ಫಾ ಬೆಸ್ಟು, ಬಿಸಿ ಬಿಸಿ ಮೆತ್ತನೆ ತೋಫು, ಸಕ್ಕರೆ ಪಾಕ.

ಇನ್ನೊಂದು ಮಾತು. ಹೊಸಬರಿಗೆ ಗೊತ್ತಿಲ್ಲದ್ದು, ಇಂಥಾ ರೆಸ್ಟೋರೆಂಟಲ್ಲಿ ಒಬ್ಬ ಬೋ ಜ್ಯೂಂಗ್ ಇರ್ತಾರೆ, ಕ್ಯಾಪ್ಟನ್, ಕೋಟು ಹಾಕಿರ್ತಾರೆ, ಬೇರೆಯೋರು ಹಾಕಿರಲ್ಲ. ತಟ್ಟೆ ತರೋ ಆಂಟಿಗೆ ಹೇಳಿದ್ದು ಅಡುಗೆಮನೆ ಮುಟ್ಟಲ್ಲ, ಕ್ಯಾಪ್ಟನ್‌ಗೆ ಹೇಳಿದ್ದು ಮುಟ್ಟುತ್ತೆ. ಗಲಾಟೆ ಇಲ್ಲದ ಹೊತ್ತಲ್ಲಿ, ಅಂದ್ರೆ ಶನಿವಾರ ಮಧ್ಯಾಹ್ನ ಮೂರಕ್ಕೆ ಒಂದ್ಸಲ ಹೋಗಿ, ಭಾನುವಾರ ನಾಕು ಜನ ಬರ್ತೀವಿ, ಒಬ್ರು ಜಾಯ್ ಅಂತ ಹೇಳಿ ಬನ್ನಿ. ನಾನು ಕಂಡಂಗೆ ಅವರಿಗೆ ನಗು ಬರದಿದ್ರೂ ನೆನಪು ಮಾತ್ರ ಚೆನ್ನಾಗಿರುತ್ತೆ.

ನೇರನುಡಿ

ಸರಿ ಸರಿ, ಗೆದ್ರಿ. ಆದ್ರೆ ಗುರ್ತಿಲ್ಲದೋರ ಜೊತೆ ಕೂರ್ಸೋದು ಮಾತ್ರ ನಾನು ಒಪ್ಪಲ್ಲ.

ಹಳೇ_ಕೆಟಲ್

ಅದು ಡಾಪ್ ತೋಯ್, ಟೇಬಲ್ ಹಂಚ್ಕೊಳ್ಳೋದು. ಜಾಗ ಕಮ್ಮಿ ಊರು, ಏನ್ ಮಾಡೋದು. ಸಾಮಾನ್ಯವಾಗಿ ಒಬ್ರೋ ಇಬ್ರೋ ಹೋದ್ರೆ ಮಾತ್ರ, ನಾಕು ಜನಕ್ಕೆ ಮಾಡೋದು ಕಮ್ಮಿ. ಮಾತಾಡ್ಸಬೇಕು ಅಂತಾನೂ ಇಲ್ಲ, ಟೀ ಪಾಟು ಬೇರೆ ಬಿಲ್ಲು ಬೇರೆ, ನೀವು ಬಸ್ಸಲ್ಲಿ ಪಕ್ಕ ಕೂತೋರಿಗೆ ಮರ್ಯಾದೆ ಕೊಡೋ ಹಂಗೆ ಇದ್ರೆ ಸಾಕು.

ಮರೆತಿದ್ದೆ, ಟೇಬಲ್ ಮೇಲೆ ಒಬ್ಬೊಬ್ಬರಿಗೆ ಎರಡು ಜೊತೆ ಚಾಪ್‌ಸ್ಟಿಕ್ ಇಟ್ಟಿದ್ರೆ ಗೊಂದಲ ಬೇಡ, ಬಣ್ಣ ಬೇರೆ ಇರುತ್ತೆ. ಒಂದು ನಡುವಿನ ತಟ್ಟೆಯಿಂದ ಬಡಿಸ್ಕೊಳ್ಳೋಕೆ, ಇನ್ನೊಂದು ಬಾಯಿಗೆ. 2003ರಲ್ಲಿ ಸಾರ್ಸ್ ಸಾಂಕ್ರಾಮಿಕ ಕಾಯಿಲೆ ಬಂದ್ಮೇಲೆ ಇಲ್ಲಿ ಇದು ಜಾಸ್ತಿ ಆಯ್ತು. ಅಮ್ಮನ ತಟ್ಟೆಗಳಿಗೆ ಒಂದು ಜೊತೆ ಬೇರೇನೇ ಎತ್ತಿಟ್ಬಿಡಿ. ಅನ್ನದ ಬಟ್ಟಲಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಮಾತ್ರ ಸಿಕ್ಕಿಸ್ಬೇಡಿ, ಸತ್ತೋರಿಗೆ ಊದುಬತ್ತಿ ಹಚ್ಚಿಟ್ಟಂಗೆ ಕಾಣುತ್ತೆ.

ತೈಪೋ_ಬಾಡಿಗೆದಾರ

ಹೋಗಿ ಬಂದ್ವಿ! ಬರೀತೀನಿ ಅಂದ್ಕೊಂಡು ಎರಡು ದಿನ ಆಯ್ತು.

ಹಸಿರೆಲೆ ಮೇಡಂ ಹೇಳಿದಂಗೆ ಶನಿವಾರ ಮೂರಕ್ಕೆ ಹೋಗಿ ಕೋಟು ಹಾಕಿದೋರನ್ನ ಹುಡುಕಿದೆ. ನನ್ನ ಕ್ಯಾಂಟನೀಸ್ ಕೇಳಿ ಮೂರು ಸಲ ಹಾಂ ಅಂದ್ರು, ಜಾಯ್ ಅನ್ನೋದನ್ನ ನಾನು ಯಾವ ರಾಗದಲ್ಲಿ ಹೇಳಿದ್ನೋ ದೇವರಿಗೇ ಗೊತ್ತು, ಕೊನೆಗೆ ಫೋನಲ್ಲಿ ಬರೆದು ತೋರ್ಸಿದೆ. ಓ ಅಂದು ಒಂದು ಪುಸ್ತಕದಲ್ಲಿ ಏನೋ ಗೀಚ್ಕೊಂಡ್ರು. ಭಾನುವಾರ ಒಂಬತ್ತಕ್ಕೆ ಹೋದ್ವಿ, ಮೂಲೆ ಟೇಬಲ್ಲು. ನಾನು ಎಲ್ಲರ ಬಟ್ಟಲು ತೊಳೆದೆ, ಅಪ್ಪ ನೋಡಿ ಇದೇನೋ ಹೋಟ್ಲಲ್ಲೂ ಪಾತ್ರೆ ತೊಳೀತೀಯಾ, ಮನೇಲೂ ಇದೇ ಕೆಲಸಾನಾ ಅಂದ್ರು, ನನ್ ಹೆಂಡತಿ ಏನೂ ಮಾತಾಡ್ಲಿಲ್ಲ. ಗುಕ್ ಬೋ ಬಂತು. ಮುಚ್ಚಳ ಓರೆ ಇಟ್ಟೆ, ಎರಡೇ ನಿಮಿಷ, ನೀರು ತುಂಬಿತು! ಅಪ್ಪಂಗೆ ಇದು ಎಷ್ಟು ಇಷ್ಟ ಆಯ್ತು ಅಂದ್ರೆ ಪಾಟ್ ತುಂಬಿದ್ರೂ ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡೋದು, ಆಂಟಿ ಕೊನೇಲಿ ಬಂದು ಮುಚ್ಚಿ ಮೇಲೆ ಕೈ ಇಟ್ಟು ಹೋದ್ರು.

ಬಾಕ್ ಚಿಟ್ ಗಾಯ್ ತಗೊಂಡ್ವಿ. ಒಲೆಮುಂದೆ ಸರ್, ಕ್ಷಮಿಸಿ, ಆ ಕೋಳಿಗೂ ಕ್ಷಮೆ ಕೇಳ್ತೀನಿ. ಜೆಲ್ಲಿ ಪದರ ಸಿಕ್ತು. ಹಾರ್ ಗಾವ್ ನೆರಿಗೆ ಎಣಿಸೋಕೆ ಹೋದೆ, ಒಂಬತ್ತಕ್ಕೆ ಬಂದಾಗ ಅಪ್ಪ ಎತ್ತಿ ಬಾಯಿಗೆ ಹಾಕ್ಕೊಂಡ್ರು. ಮೀನು ತಗೊಳ್ಳಿಲ್ಲ, ತೊಟ್ಟಿ ಮುಂದೆ ನಿಂತು ಅಪ್ಪಂಗೆ ಲ್ಯೂಂಗ್ ಲೆಕ್ಕ ಮಾತ್ರ ವಿವರಿಸಿದೆ, ಪಂಡಿತನ ಥರ.

ಅಮ್ಮಂಗೆ ಚ್ಯೂಂಗ್ ಫನ್, ಟುಂಗ್ ಚೋಯ್, ತೋಫು ಫಾ. ಸೊಪ್ಪಿನ ತಟ್ಟೆ ಇಡುವಾಗ ಕ್ಯಾಪ್ಟನ್ ಅವರೇ ಬಂದು ಅಮ್ಮನ ಕಡೆ ನೋಡಿ ಹೋ ಯಾವ್ ಅಂದು ಕೈ ಅಡ್ಡ ಆಡಿಸಿದ್ರು, ಇಲ್ಲ ಅಂತ. ಅಮ್ಮ ಎರಡು ಬೆರಳಿಂದ ಟೇಬಲ್ ತಟ್ಟಿದ್ರು. ಅದು ಟೀಗೆ ಮಾತ್ರ ಅಮ್ಮ ಅಂದೆ. ಇರ್ಲಿ ಬಿಡೋ, ಅವರಿಗೆ ಅರ್ಥ ಆಯ್ತಲ್ಲ ಅಂದ್ರು. ಆಗಿತ್ತು, ನಕ್ಕಿದ್ರು. ನೇರನುಡಿ ಸರ್, ನಗು ಇದೆ, ನೋಡಿದೆ.

ಒಂದೇ ಒಂದು ಡೌಟ್ ಉಳೀತು. ಅಪ್ಪ ಫೂಂಗ್ ಜಾವ್ ತಗೊಂಡ್ರು, ಆ ಕೋಳಿ ಪಾದ. ಹುರಿದು, ನೆನೆಸಿ, ಕಪ್ಪು ಬೀನ್ಸ್ ಸಾಸಲ್ಲಿ ಬೇಯಿಸಿದ್ದಂತೆ, ಚರ್ಮ ಬಾಯಲ್ಲಿ ಕರಗುತ್ತೆ, ಆದ್ರೆ ತುಂಬಾ ಸಣ್ಣ ಸಣ್ಣ ಮೂಳೆ. ಆ ಮೂಳೆ ಎಲ್ಲಿ ಹಾಕೋದು? ಅಪ್ಪ ಎಲ್ಲಾನೂ ಟಿಶ್ಯೂಲಿ ಕಟ್ಟಿ ಜೇಬಲ್ಲಿ ಇಟ್ಕೊಂಡು ಬಂದ್ರು.

ಹಳೇ_ಕೆಟಲ್

ಬಟ್ಟಲಿನ ಕೆಳಗೆ ಒಂದು ಚಿಕ್ಕ ತಟ್ಟೆ ಇರುತ್ತಲ್ಲ, ಅದು ಮೂಳೆ ಹಾಕೋಕೆ ಇರೋದು. ಊಟ ಬಟ್ಟಲಲ್ಲಿ.

ತೈಪೋ_ಬಾಡಿಗೆದಾರ

ಅಯ್ಯೋ. ನಾಕು ಜನಾನೂ ಆ ತಟ್ಟೇಲೇ ಊಟ ಮಾಡಿದ್ವಿ.